ಕೊಟ್ಟು ಹೊರಟುಹೋದ ಯಜಮಾನ



ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮತಿಯನ್ನು ನೀವು ಅನೇಕ ಸಲ ಕೇಳಿದ್ದೀರಿ. ನಾನೂ ಅದರ ಮೇಲೆ ಅನೇಕ ಸಲ ಪ್ರಬೋಧನೆ ನೀಡಿದ್ದೇನೆ. ಐದು ತಲಾಂತು ಪಡೆದವನು, ಎರಡು ಪಡೆದವನು, ಒಂದನ್ನು ಪಡೆದು ನೆಲದಲ್ಲಿ ಹೂತಿಟ್ಟವನು – ಈ ಮೂವರು ಆಳುಗಳ ವಿಚಾರದಲ್ಲಿಯೇ ನಮ್ಮ ಮಾತೆಲ್ಲ ಮುಗಿದುಹೋಗುತ್ತದೆ. ಯಜಮಾನನು ಏನು ಮಾಡಿದನೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಒಂದು ತಲಾಂತೆಂದರೆ ಕೂಲಿಯಾಳೊಬ್ಬನ ಸುಮಾರು 20 ವರ್ಷಗಳ ಗಳಿಕೆ ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅಷ್ಟು ದೊಡ್ಡ ಮೊತ್ತವನ್ನು ಆಳುಗಳ ಕೈಗಿತ್ತ ಯಜಮಾನನು, ಅದನ್ನು ಹೇಗೆ ದುಡಿಸಬೇಕೆಂಬ ಒಂದು ಮಾತನ್ನೂ ಹೇಳಿದಂತೆ ಮತ್ತಾಯರು ಬರೆದಿಲ್ಲ. ಅವನು ಕೊಟ್ಟನು, ಹೊರಟುಹೋದನು. ಬಹುಕಾಲದ ಮೇಲೆಯೇ ಮರಳಿ ಬಂದನು.

ಈ ಸಾಮತಿಗೆ ವಿಜ್ಞಾನಿಗಳ ವಲಯದಲ್ಲಿ ಬೇರೊಂದು ಬಗೆಯ ಖ್ಯಾತಿಯಿದೆ. 1968ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹೆಸರಾದ ವಿಜ್ಞಾನಿಗೆ ಮತ್ತಷ್ಟು ಹೆಸರು ಸಲ್ಲುತ್ತದೆ, ಅನುಕೂಲವಿದ್ದವನಿಗೆ ಮತ್ತಷ್ಟು ಅನುಕೂಲ ಒದಗುತ್ತದೆ. ಅಷ್ಟೇ ಗುಣಮಟ್ಟದ ಕೆಲಸ ಮಾಡಿದ ಹೊಸಬನತ್ತ ಜನ ತಿರುಗಿ ನೋಡುವುದಿಲ್ಲ ಎಂಬುದು ಅದರ ಸಾರ. ಈ ಪ್ರವೃತ್ತಿಗೆ ಅವರು ‘ಮತ್ತಾಯನ ಪರಿಣಾಮ’ ಎಂದು ಹೆಸರಿಟ್ಟರು. ಉಳ್ಳವನಿಗೇ ಇನ್ನೂ ಸಿಗುವುದೆಂಬ ಅರ್ಥ ಬರುವ ಸಾಮತಿಯ ಕೊನೆಯ ಮಾತಿನಿಂದ ಆ ಹೆಸರು ಹುಟ್ಟಿತು. ಶುಭಸಂದೇಶಕಾರರ ಹೆಸರು ಒಂದು ಅನ್ಯಾಯಕ್ಕೆ ಅಂಟಿಕೊಂಡಿತಲ್ಲ ಎಂದು ಇದನ್ನು ಮೊದಲ ಬಾರಿ ಓದಿದಾಗ ನನಗೆ ನೋವಾಯಿತು. ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. ಆ ಲೇಖನಕ್ಕೆ ಆಧಾರವಾಗಿದ್ದದ್ದು ಹ್ಯಾರಿಯೆಟ್ ಝುಕರ್‌ಮನ್ ಎಂಬ ಕಿರಿಯ ಸಂಶೋಧಕಿಯು ನೊಬೆಲ್ ಪುರಸ್ಕೃತರೊಡನೆ ನಡೆಸಿದ್ದ ಸಂದರ್ಶನಗಳು. ಲೇಖನದ ಮೇಲೆ ಇದ್ದದ್ದು ಮಾತ್ರ ಮರ್ಟನ್ ಅವರೊಬ್ಬರ ಹೆಸರು. ಅದು ಇಬ್ಬರ ಹೆಸರಿನಲ್ಲಿಯೂ ಬರಬೇಕಾಗಿತ್ತೆಂದು ಮರ್ಟನ್ ಅವರೇ ಮುಂದೆ ಒಪ್ಪಿಕೊಂಡರು. ರೋಗವನ್ನು ಪತ್ತೆಹಚ್ಚಿದ ವೈದ್ಯನಿಗೇ ಆ ರೋಗ ತಗುಲಿತ್ತು!

ಮೊದಲ ಬಾರಿಗೆ ಹೊಣೆ ಹೊರಲು ಬಂದವರಿಗೆ, ಇನ್ನೂ ಏನನ್ನೂ ಸಾಧಿಸಿ ತೋರಿಸದವರಿಗೆ, ಹಿರಿಯರಾದವರು ಏನನ್ನು ಕೊಡಬೇಕು? ಕೊಟ್ಟ ಮೇಲೆ ಯಾವುದರಿಂದ ಕೈ ತೆಗೆಯಬೇಕು? ಈ ಪ್ರಶ್ನೆ ಮನೆಯಲ್ಲಿಯೂ ಇದೆ, ಧರ್ಮಕೇಂದ್ರದಲ್ಲಿಯೂ ಇದೆ. ಆದರೆ ಇಂದು ಅದನ್ನು ವಿಜ್ಞಾನದ ಒಂದು ಕ್ಷೇತ್ರದ ಮೂಲಕ ನೋಡೋಣವೆನಿಸಿದೆ. ಅದು ಮಣ್ಣು, ನೀರುಗಳಲ್ಲಿ ವಾಸಿಸುವ ಸೂಕ್ಷ್ಮಾಣುಜೀವಿಗಳ ಜೀನೋಮನ್ನು, ಅಂದರೆ ಅವುಗಳ ಸಮಗ್ರ ವಂಶವಾಹಿ ಲಿಪಿಯನ್ನು, ಓದುವ ಕ್ಷೇತ್ರ.

ನಿಮ್ಮ ಚರ್ಚಿನ ಅಂಗಳದಿಂದ ಒಂದು ಚಮಚ ಮಣ್ಣನ್ನು ತೆಗೆದುಕೊಳ್ಳಿ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಜೀವಿಗಳಿವೆ. ಅವು ಸಾವಿರಾರು ಬಗೆಯವು. ಎಲೆಯನ್ನು ಕೊಳೆಸಿ ಗೊಬ್ಬರ ಮಾಡುವವು, ಗಾಳಿಯ ಸಾರಜನಕವನ್ನು ಬೇರಿಗೆ ಉಣಿಸುವವು, ನಮ್ಮ ಔಷಧಿಗಳಿಗೆ ಮೂಲವಾದವು ಎಲ್ಲವೂ ಅಲ್ಲಿವೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಶಿಲೀಂಧ್ರ, ಪಾಚಿ, ಹುಳುಗಳೊಡನೆ ಕಣ್ಣಿಗೆ ಕಾಣದ ಈ ಜೀವಿಗಳನ್ನೂ ನೆನೆದಿದ್ದಾರೆ. ಆದರೆ ಇವುಗಳಲ್ಲಿ ಬಹುಪಾಲನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಬೆಳೆಯದ್ದನ್ನು ಅರಿಯುವುದು ಹೇಗೆ? ಮಣ್ಣಿನಿಂದಲೇ ನೇರವಾಗಿ ಡಿಎನ್ಎಯನ್ನು ಬೇರ್ಪಡಿಸಿ ಓದಬೇಕು. ಒಂದೇ ಜೀವಿಯದಲ್ಲದ, ಇಡೀ ಸಮುದಾಯದ ಈ ಬೆರಕೆ ಲಿಪಿಯನ್ನು ‘ಮೆಟಾಜೀನೋಮ್’ ಎನ್ನುತ್ತಾರೆ. 1998ರಲ್ಲಿ ಈ ಪದವನ್ನು ಬಳಕೆಗೆ ತಂದವರು ವಿಸ್ಕಾನ್ಸಿನ್‌ನ ಮಣ್ಣಿನ ವಿಜ್ಞಾನಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು. ಈಕೆಯ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಇಂತಹ ಕ್ಷೇತ್ರಕ್ಕೆ ಕಾಲಿಡುವ ಯುವಕನ ಅಥವಾ ಯುವತಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಪಿಎಚ್.ಡಿ.ಗೆ ಐದಾರು ವರ್ಷ, ಆ ಬಳಿಕ ಬೇರೊಬ್ಬರ ಪ್ರಯೋಗಾಲಯದಲ್ಲಿ ಮತ್ತೆ ನಾಲ್ಕಾರು ವರ್ಷ. ಅಲ್ಲಿಯವರೆಗೆ ಪ್ರಶ್ನೆ ಇನ್ನೊಬ್ಬರದು, ಹಣ ಇನ್ನೊಬ್ಬರದು, ಸೋಲಿನ ಭಾರವೂ ಅರ್ಧ ಇನ್ನೊಬ್ಬರದು. ಒಂದು ದಿನ ತಾನೇ ಪ್ರಧಾನ ಸಂಶೋಧಕನಾಗಿ ಪ್ರಸ್ತಾವನೆ ಬರೆಯಬೇಕಾಗುತ್ತದೆ. ಆಗ ಎದುರಾಗುವ ಮೊದಲ ಪ್ರಶ್ನೆ: ಹಿಂದೆ ಇಂತಹ ಯಾವ ಯೋಜನೆಯನ್ನು ನಡೆಸಿದ್ದೀರಿ? ನಡೆಸಿಲ್ಲದವನಿಗೆ ಸಿಗುವುದಿಲ್ಲ; ಸಿಗದವನು ನಡೆಸುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ಸ್ವಂತ ಹೆಸರಿನಲ್ಲಿ ಮೊದಲ ದೊಡ್ಡ ಅನುದಾನ ಪಡೆಯುವ ಪಿಎಚ್.ಡಿ. ವಿದ್ವಾಂಸರ ಸರಾಸರಿ ವಯಸ್ಸು 1980ರಲ್ಲಿ ಸುಮಾರು 36 ಇದ್ದದ್ದು, 2008ರ ಹೊತ್ತಿಗೆ ಸುಮಾರು 42ಕ್ಕೆ ಏರಿತ್ತು. ‘ಫಾದರ್, ನಮ್ಮ ಮಗಳು ಇನ್ನೂ ಓದುತ್ತಲೇ ಇದ್ದಾಳೆ, ಯಾವಾಗ ನೆಲೆ ನಿಲ್ಲುತ್ತಾಳೋ’ ಎಂದು ನನ್ನ ಬಳಿ ಹೇಳಿಕೊಳ್ಳುವ ತಾಯಂದಿರಿಗೆ ಈ ಸಂಖ್ಯೆಗಳಿಂದ ಸಮಾಧಾನವಾಗದಿರಬಹುದು. ತಪ್ಪು ಮಗಳದಲ್ಲವೆಂಬುದಾದರೂ ತಿಳಿಯಲಿ.

ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಅಮೆರಿಕದ ಇಂಧನ ಇಲಾಖೆಗೆ ಸೇರಿದ ‘ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್’ ಎಂಬ ಕೇಂದ್ರವಿದೆ. 1997ರಲ್ಲಿ ಮಾನವ ಜೀನೋಮ್ ಯೋಜನೆಗಾಗಿ ಆರಂಭವಾದ ಅದು, ನಮ್ಮ ವರ್ಣತಂತುಗಳಲ್ಲಿ 5, 16 ಮತ್ತು 19ನೆಯವುಗಳನ್ನು ಓದುವ ಹೊಣೆ ಹೊತ್ತಿತ್ತು. ಆ ಕೆಲಸ ಮುಗಿದ ಮೇಲೆ ಸಸ್ಯ, ಶಿಲೀಂಧ್ರ ಹಾಗೂ ಮಣ್ಣು–ನೀರಿನ ಸೂಕ್ಷ್ಮಜೀವಿಗಳತ್ತ ತಿರುಗಿತು. ಆ ಕೇಂದ್ರವು ಸಂಶೋಧಕರಿಗೆ ಹಣ ಹಂಚುವುದಿಲ್ಲ. ಪ್ರಸ್ತಾವನೆ ಅಂಗೀಕಾರವಾದರೆ ಅವರು ಕಳುಹಿಸಿದ ಮಾದರಿಗಳ ಡಿಎನ್ಎಯನ್ನು ಉಚಿತವಾಗಿ ಓದಿಕೊಡುತ್ತದೆ. ಓದಿದ್ದನ್ನು ವಿಶ್ಲೇಷಿಸಲು ತನ್ನ ತಜ್ಞರ ನೆರವನ್ನೂ ನೀಡುತ್ತದೆ. ದತ್ತಾಂಶವನ್ನು ಮುಂದೆ ಎಲ್ಲರಿಗೂ ತೆರೆದಿಡುತ್ತದೆ. ನನ್ನ ಗಮನ ಸೆಳೆದದ್ದು ಮತ್ತೊಂದು ಸಂಗತಿ. ಆ ಕೇಂದ್ರದಲ್ಲಿ ಹಿಂದೆಂದೂ ಪ್ರಧಾನ ಸಂಶೋಧಕರಾಗಿ ಯೋಜನೆ ನಡೆಸಿರದವರಿಗೆಂದೇ ಪ್ರತ್ಯೇಕ ಆಹ್ವಾನವೊಂದನ್ನು ಅದು ಇಟ್ಟುಕೊಂಡು ಬಂದಿದೆ. ಯೋಜನೆ ಚಿಕ್ಕದಿರಲಿ, ಚಿಂತೆಯಿಲ್ಲ. ಪೈಪೋಟಿ ಮಾತ್ರ ಹೊಸಬರ ನಡುವೆಯೇ. ಹಳೆಯ ಹುಲಿಗಳೊಡನೆ ಅದೇ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಇದು ದಾನವಲ್ಲ, ನ್ಯಾಯವೆಂದು ನಾನು ತಿಳಿಯುತ್ತೇನೆ. ದೀಪದ ಕೆಳಗೇ ಎಲ್ಲರನ್ನೂ ಹುಡುಕಿದರೆ ಕತ್ತಲಲ್ಲಿರುವವರು ಎಂದೂ ಸಿಗುವುದಿಲ್ಲ. ಆದರೆ ಅದಕ್ಕಿಂತಲೂ ನನಗೆ ಮುಖ್ಯವಾಗಿ ಕಂಡದ್ದು ಆ ಸಹಾಯದ ಮಿತಿ. ಮಣ್ಣಿನ ಮಾದರಿಯಿಂದ ಡಿಎನ್ಎ ತೆಗೆಯುವುದು ಸುಲಭದ ಮಾತಲ್ಲ. ಮಣ್ಣಿನಲ್ಲಿರುವ ಹ್ಯೂಮಿಕ್ ಆಮ್ಲಗಳು ಅದರೊಡನೆ ಬೆರೆತು ಬಂದು ಮುಂದಿನ ರಾಸಾಯನಿಕ ಕ್ರಿಯೆಯನ್ನೇ ತಡೆಯುತ್ತವೆ. ಡಿಎನ್ಎ ಸಾಲದೆ, ಶುದ್ಧವಾಗಿರದೆ ಮಾದರಿಗಳು ಪರೀಕ್ಷೆಯಲ್ಲಿ ಬಿದ್ದುಹೋಗುವುದು ಸಾಮಾನ್ಯ. ಎಷ್ಟು ಪ್ರಮಾಣ ಬೇಕು, ಹೇಗೆ ಶುದ್ಧಗೊಳಿಸಬೇಕು, ಹೇಗೆ ಹೆಪ್ಪುಗಟ್ಟಿಸಿ ಕಳುಹಿಸಬೇಕು – ಇವೆಲ್ಲ ಅನುಭವಿಗಳಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಇದನ್ನು ಹೇಳಿಕೊಡಬೇಕು, ಮುಚ್ಚಿಡಬಾರದು. ಆದರೆ ಯಾವ ಕೆರೆಯ ಮಣ್ಣು, ಯಾವ ಜೀವಿ, ಯಾವ ಪ್ರಶ್ನೆ? ಅದನ್ನು ಹೇಳಿಕೊಡುವಂತಿಲ್ಲ. ಪ್ರಸ್ತಾವನೆಯನ್ನು ತೂಗಿ ನೋಡಬಹುದು, ಬೇಡವೆನ್ನಬಹುದು. ಅದರ ಪ್ರಶ್ನೆ ಮಾತ್ರ ಬರೆದವರದೇ ಆಗಿರಬೇಕು.

ಸಾಧನವನ್ನು ಕೊಡುವುದಕ್ಕೂ ಪ್ರಶ್ನೆಯನ್ನು ಕೊಡುವುದಕ್ಕೂ ಎಂತಹ ಅಂತರವಿದೆಯೆಂದು ತಿಳಿಯಲು ನಮ್ಮ ಧರ್ಮಸಭೆಯ ನೆನಪಿನಲ್ಲಿಯೇ ಒಂದು ಕಥೆಯಿದೆ. ವಂಶವಾಹಿ ವಿಜ್ಞಾನದ ಮೂಲಪುರುಷ ಗ್ರೆಗೊರ್ ಮೆಂಡೆಲ್ ಅವರು ಇಂದಿನ ಚೆಕ್ ಗಣರಾಜ್ಯದ ಬರ್ನೊ ನಗರದ ಸಂತ ಥಾಮಸರ ಮಠಕ್ಕೆ ಸೇರಿದ ಅಗಸ್ಟೀನಿಯನ್ ಸಭೆಯ ಗುರು. ಬಟಾಣಿ ಗಿಡಗಳ ಕಥೆ ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿದೆ. ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣದವರು ಅವರ ಮಠಾಧಿಪತಿ ಸಿರಿಲ್ ನ್ಯಾಪ್. ರೋಗಿಗಳ ಹಾಸಿಗೆಯ ಬಳಿ ನಿಲ್ಲಲಾರದಷ್ಟು ಅಳುಕಿನ ಸ್ವಭಾವ ಮೆಂಡೆಲ್‌ರದು. ಧರ್ಮಕೇಂದ್ರದ ಸೇವೆಗೆ ಈತ ತಕ್ಕವನಲ್ಲವೆಂದು ನ್ಯಾಪ್ ಅವರೇ ಧರ್ಮಾಧ್ಯಕ್ಷರಿಗೆ ಬರೆದು, ಬೋಧನೆಗೆ ಕಳುಹಿಸಿದರು. 1850ರಲ್ಲಿ ಮೆಂಡೆಲ್ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಸೋತರು. ಸೋತವರನ್ನು ನ್ಯಾಪ್ ಮರುವರ್ಷವೇ ಮಠದ ಖರ್ಚಿನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. 1856ರಲ್ಲಿ ಮತ್ತೆ ಪರೀಕ್ಷೆ, ಮತ್ತೆ ವಿಫಲ. ಅದೇ 1856ರಲ್ಲಿ ಮಠದ ಹಿತ್ತಲಿನ ತುಂಡು ನೆಲದಲ್ಲಿ ಬಟಾಣಿಯ ಪ್ರಯೋಗ ಆರಂಭವಾಯಿತು. ಸಸಿಗಳಿಗಾಗಿ ಗಾಜಿನಮನೆಯೂ ಇತ್ತು. ಎಂಟು ವರ್ಷಗಳ ಕಾಲ ಸಾವಿರಾರು ಗಿಡಗಳನ್ನು ಮೆಂಡೆಲ್ ಒಂದೊಂದಾಗಿ ಎಣಿಸಿದರು.

ಇಲ್ಲಿ ನಾನು ಮೆಚ್ಚುವುದೇನೆಂದರೆ, ಆ ಪ್ರಶ್ನೆಯು ನ್ಯಾಪ್ ಅವರಿಗೆ ಹೊಸದಾಗಿರಲಿಲ್ಲ. ಕುರಿ ಸಾಕಣೆಗಾರರ ಸಭೆಗಳಲ್ಲಿ, ಮೆಂಡೆಲ್ ಮಠಕ್ಕೆ ಬರುವುದಕ್ಕೂ ಮುಂಚೆ, ತಲೆಮಾರಿನಿಂದ ತಲೆಮಾರಿಗೆ ಏನು ಇಳಿದು ಬರುತ್ತದೆ, ಹೇಗೆ ಇಳಿದು ಬರುತ್ತದೆ ಎಂದು ಕೇಳಿದ್ದವರು ಅವರೇ. ಆದರೂ ಬಟಾಣಿಯನ್ನು ಆರಿಸಿದ್ದು, ಎಣಿಸುವ ಕ್ರಮವನ್ನು ಹೂಡಿದ್ದು ಮೆಂಡೆಲ್. 1866ರಲ್ಲಿ ಅಚ್ಚಾದ ಪ್ರಬಂಧದ ಮೇಲೆ ಇರುವುದು ಮೆಂಡೆಲ್‌ರ ಹೆಸರೊಂದೇ. ನ್ಯಾಪ್ 1867ರಲ್ಲಿ ತೀರಿಕೊಂಡರು. ಜಗತ್ತು ಆ ಪ್ರಬಂಧದ ಬೆಲೆಯನ್ನು ಅರಿತದ್ದು 1900ರಲ್ಲಿ.

ಇದೇ ಕಥೆಯಲ್ಲಿ ಇನ್ನೊಬ್ಬ ಹಿರಿಯರಿದ್ದಾರೆ: ಮ್ಯೂನಿಕ್‌ನ ಪ್ರಖ್ಯಾತ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ. ಮೆಂಡೆಲ್ ತಮ್ಮ ಪ್ರಬಂಧವನ್ನು ಅವರಿಗೆ ಕಳುಹಿಸಿದರು. ನೇಗೆಲಿಯವರು ಉತ್ತರ ಬರೆದರು, ಅದೇ ದೊಡ್ಡದು. ಆದರೆ ಬಟಾಣಿಯ ಕೆಲಸ ಮುಗಿದದ್ದಲ್ಲ, ಇನ್ನೂ ಆರಂಭವಷ್ಟೇ ಎಂಬ ಧಾಟಿ ಅದರಲ್ಲಿತ್ತು. ಹಾಕ್‌ವೀಡ್ ಎಂಬ ಹಳದಿ ಹೂವಿನ ಗಿಡದಲ್ಲಿ ನೇಗೆಲಿ ಪಾರಂಗತರು. ಪತ್ರಗಳೆಲ್ಲ ಅದರ ಸುತ್ತಲೇ ಸುತ್ತಿದವು. ಮೆಂಡೆಲ್ ವರ್ಷಗಟ್ಟಲೆ ಆ ಪುಟ್ಟ ಹೂಗಳ ಮೇಲೆ ಬಾಗಿ ಕಣ್ಣು ನೋಯಿಸಿಕೊಂಡರು. ಫಲಿತಾಂಶಗಳು ಬಟಾಣಿಯದಕ್ಕೆ ಹೊಂದಲೇ ಇಲ್ಲ. ಹಾಕ್‌ವೀಡ್ ಬಹುಮಟ್ಟಿಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಗಿಡವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಎಲ್ಲ ದೋಷವನ್ನೂ ನೇಗೆಲಿಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಮೆಂಡೆಲ್ ತಾವೇ ಮೊದಲ ಪತ್ರದಲ್ಲಿ ಆ ಗಿಡವನ್ನು ಪ್ರಸ್ತಾಪಿಸಿದ್ದರು. ಕಿರಿಯರು ಹಿರಿಯರನ್ನು ಮೆಚ್ಚಿಸಲು ಅವರ ಅಂಗಳದ ಗಿಡವನ್ನೇ ಆರಿಸಿಕೊಳ್ಳುವುದುಂಟು. ಹಿರಿಯರು ಅದನ್ನು ಪ್ರೀತಿಯೆಂದೇ ಭಾವಿಸುತ್ತಾರೆ. ನೇಗೆಲಿಯವರಿಗೂ ತಾವು ನೆರವಾಗುತ್ತಿದ್ದೇವೆಂದೇ ಅನಿಸಿರಬೇಕು.

ಯಾರನ್ನು ನಂಬಬೇಕೆಂಬ ವಿಷಯದಲ್ಲಿ ನಮ್ಮ ಅಂತಃಸಾಕ್ಷಿಯೂ ನಮ್ಮನ್ನು ವಂಚಿಸುತ್ತದೆ. ನೆನಪಿನಲ್ಲಿಡಿ ಎಂದಿದ್ದ ಜೋ ಹ್ಯಾಂಡಲ್ಸ್‌ಮನ್ ಅವರು ಮಣ್ಣಿನ ಜೀವಿಗಳ ಜತೆಗೆ ಈ ಪ್ರಶ್ನೆಯನ್ನೂ ಕೈಗೆತ್ತಿಕೊಂಡವರು. 2005ರಲ್ಲಿ ಸಂಗಡಿಗರೊಡನೆ, ಹಿರಿಯ ವಿಜ್ಞಾನಿಗಳಿಗೆ ಕಿರಿಯರನ್ನು ಬೆಳೆಸುವ ವಿಧಾನವನ್ನು ಕಲಿಸುವ ಕೈಪಿಡಿಯೊಂದನ್ನು ಹೊರತಂದರು. 2012ರಲ್ಲಿ ಅವರೂ ಅವರ ತಂಡವೂ 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ಒಂದು ಕೆಲಸಕ್ಕಾಗಿ ಬರೆದ ಅರ್ಜಿಯನ್ನು ತೋರಿಸಿದ ಅಧ್ಯಯನ ಪ್ರಕಟವಾಯಿತು. ಅರ್ಜಿ ಒಂದೇ, ಕೆಲವರಿಗೆ ಹೋದದ್ದರಲ್ಲಿ ಜಾನ್ ಎಂಬ ಹೆಸರು, ಉಳಿದವರಿಗೆ ಹೋದದ್ದರಲ್ಲಿ ಜೆನ್ನಿಫರ್. ಜಾನ್ ಹೆಚ್ಚು ಸಮರ್ಥನೆಂದು ತೀರ್ಪು ಬಂತು. ಅವನಿಗೆ ವರ್ಷಕ್ಕೆ ಸುಮಾರು 30,200 ಡಾಲರ್ ಸಂಬಳ ಸೂಚಿಸಿದರೆ, ಅವಳಿಗೆ ಸುಮಾರು 26,500. ಅವಳಿಗೆ ಮಾರ್ಗದರ್ಶನ ನೀಡುವ ಆಸಕ್ತಿಯೂ ಕಡಿಮೆ. ಹೀಗೆ ತೂಗಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು. ನಮ್ಮ ಮನೆಗಳಲ್ಲಿ ಮಗನ ಓದಿಗೆ ಸಾಲ ಮಾಡಲು ಮುಂದಾಗುವ ಕೈ, ಮಗಳ ಓದಿಗೆ ತಡವರಿಸುವುದನ್ನು ನಾನು ಕಂಡಿದ್ದೇನೆ. ಅಮೆರಿಕದ ಪ್ರಾಧ್ಯಾಪಕರನ್ನು ಮಾತ್ರ ದೂರಲಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸಾರ್ವಜನಿಕರ ಹಣದಿಂದ ನಡೆಯುವ ಯಂತ್ರಗಳವು. ಪಳಗಿದ ಕೈಗೆ ಕೊಟ್ಟರೆ ಫಲ ಖಚಿತ. ಹೊಸ ಕೈಗೆ ಕೊಟ್ಟರೆ ನಷ್ಟವಾದೀತು. ಬಡವರ ತೆರಿಗೆಯನ್ನು ಹೀಗೆ ಪಣಕ್ಕಿಡುವುದು ಸರಿಯೇ? ಇದನ್ನು ಲಘುವಾಗಿ ತಳ್ಳಿಹಾಕಲಾರೆ. ಸಾಮತಿಯ ಯಜಮಾನನೂ ಕೊನೆಗೆ ಲೆಕ್ಕ ಕೇಳಿದನು. ಲೆಕ್ಕವಿಲ್ಲದ ವಿಶ್ವಾಸ ಉದಾಸೀನತೆಯಾಗಿಬಿಡುತ್ತದೆ. ಮೊದಲ ಸಲ ಚಿಕ್ಕ ಯೋಜನೆಯನ್ನೇ ಕೊಡುವುದರ ವಿವೇಕ ಇಲ್ಲಿದೆ. ಆದರೆ ಮೂರನೆಯ ಆಳು ಹೂತಿಟ್ಟದ್ದೇಕೆ? ಸೋಮಾರಿತನವೆಂದು ಯಜಮಾನ ಹೇಳಿದ. ಯಜಮಾನನ ಕಾಠಿಣ್ಯಕ್ಕೆ ಅಂಜಿದೆನೆಂದು ಆಳು ಹೇಳಿದ. ಗುರುಮಠದಲ್ಲಿ ಓದುವಾಗ ಯಜಮಾನನ ಮಾತೇ ನನಗೆ ಸಾಕಾಗಿತ್ತು. ಈಗ ಆಳಿನ ಮಾತೂ ಕೇಳಿಸುತ್ತದೆ. ಒಮ್ಮೆ ಎಡವಿದರೆ ಮುಗಿಯಿತೆಂಬ ಭಯವಿರುವಲ್ಲಿ ಹೊಸಬರು ಹೊಸ ಪ್ರಶ್ನೆ ಕೇಳುವುದಿಲ್ಲ. ಖಚಿತವಾದದ್ದನ್ನೇ ಮಾಡಿ ತಲಾಂತನ್ನು ನೆಲದೊಳಗಿಡುತ್ತಾರೆ.

ಸೂಕ್ಷ್ಮಾಣುಜೀವಿಗಳ ವಂಶವೃಕ್ಷವನ್ನೇ ಬದಲಿಸಿದ ಕಾರ್ಲ್ ವೋಸ್ ಅವರನ್ನು 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕರೆತಂದ ಸೋಲ್ ಸ್ಪೀಗಲ್‌ಮನ್, ಬರುವಾಗಲೇ ಕಾಯಂ ಹುದ್ದೆಯನ್ನು ಕೊಡಿಸಿದ್ದರು. ಮುಂದೆ ವೋಸ್ ವರ್ಷಗಟ್ಟಲೆ ಎಕ್ಸ್-ರೇ ಫಿಲ್ಮುಗಳ ಮೇಲಿನ ಕಪ್ಪು ಚುಕ್ಕೆಗಳನ್ನು ಹೋಲಿಸುತ್ತ ಕುಳಿತರು. ಅದರ ಅರ್ಥ ಹೆಚ್ಚಿನವರಿಗೆ ಆಗುತ್ತಿರಲಿಲ್ಲ. 1977ರಲ್ಲಿ, ಬ್ಯಾಕ್ಟೀರಿಯಾಗಳೆಂದು ನಂಬಿದ್ದ ಕೆಲವು ಜೀವಿಗಳು ಬೇರೆಯೇ ಒಂದು ವಂಶವೆಂದು ಜಾರ್ಜ್ ಫಾಕ್ಸ್ ಅವರೊಡನೆ ತೋರಿಸಿದರು. ಆ ಹದಿಮೂರು ವರ್ಷಗಳಲ್ಲಿ ಪ್ರತಿ ವರ್ಷವೂ ಅವರು ತಮ್ಮನ್ನು ಸಾಬೀತುಪಡಿಸಿಕೊಳ್ಳಬೇಕಾಗಿದ್ದರೆ?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ನನಗೆ ಅತಿ ಪ್ರಿಯರಾದವರು ಬಾರ್ನಬರು. ಹಿಂಸಕನೆಂದು ಎಲ್ಲರೂ ಅಂಜಿದ್ದ ಸೌಲರನ್ನು ಕೈಹಿಡಿದು ಪ್ರೇಷಿತರ ಬಳಿಗೆ ಕರೆತಂದವರು ಅವರು. ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯಕ್ಕೆ ತಂದವರೂ ಅವರೇ. ಮೊದಲು ‘ಬಾರ್ನಬ ಮತ್ತು ಸೌಲ’ ಎಂದಿದ್ದ ಹೆಸರುಗಳು ಕೆಲವೇ ಪುಟಗಳಲ್ಲಿ ‘ಪೌಲ ಮತ್ತು ಬಾರ್ನಬ’ ಎಂದಾಗುತ್ತವೆ. ಬಾರ್ನಬರು ಇದಕ್ಕೆ ಬೇಸರಿಸಿದರೆಂದು ಎಲ್ಲಿಯೂ ಇಲ್ಲ. ವಿಜ್ಞಾನದ ಪ್ರಬಂಧಗಳಲ್ಲಿ ಯಾರ ಹೆಸರು ಮೊದಲು, ಯಾರದು ಕೊನೆಗೆ ಎಂಬುದಕ್ಕೆ ಸ್ನೇಹಗಳು ಮುರಿದದ್ದುಂಟು. ಮುಂದೆ, ಅರ್ಧದಾರಿಯಲ್ಲಿ ಬಿಟ್ಟುಹೋಗಿದ್ದ ಯುವಕ ಮಾರ್ಕನನ್ನು ಮತ್ತೆ ಕರೆದೊಯ್ಯೋಣವೆಂದು ಬಾರ್ನಬರು ಹೇಳಿದಾಗ ಒಪ್ಪದವರು ಯಾರು? ಸ್ವತಃ ಪೌಲರು! ತಾನು ಪಡೆದ ವಿಶ್ವಾಸವನ್ನು ಇನ್ನೊಬ್ಬನಿಗೆ ಕೊಡಲು ಅಂತಹ ಮಹಾಪುರುಷರಿಗೂ ಆ ದಿನ ಆಗಲಿಲ್ಲ. ಬಾರ್ನಬರು ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟರು. ಕಾಲಾನಂತರ ತಿಮೊಥೇಯರಿಗೆ ಬರೆದ ಪತ್ರದಲ್ಲಿ, ಮಾರ್ಕನು ತನಗೆ ಉಪಯುಕ್ತನು, ಕರೆದು ತಾ ಎನ್ನುವ ಪೌಲರನ್ನು ಕಾಣುತ್ತೇವೆ.

ಈ ವಿಷಯ ಈಗ ನನ್ನ ಮನಸ್ಸನ್ನು ಕಾಡಲು ಕಾರಣವೂ ಇದೆ. ಬರುವ ಜೂನ್ ತಿಂಗಳಲ್ಲಿ ನನಗೆ ವರ್ಗಾವಣೆ. ನನ್ನ ಸ್ಥಾನಕ್ಕೆ ಬರುವವರು ಈವರೆಗೆ ಸಹಾಯಕ ಗುರುವಾಗಿದ್ದವರು. ಧರ್ಮಕೇಂದ್ರದ ಪೂರ್ಣ ಹೊಣೆ ಅವರಿಗೆ ಇದೇ ಮೊದಲು. ನಾನು ಮೊದಲ ಬಾರಿ ಹೊಣೆ ಹೊತ್ತಾಗ ನನ್ನ ಹಿಂದಿನವರು ವಾರಕ್ಕೆರಡು ಸಲ ಫೋನ್ ಮಾಡಿ ಪೂಜೆಯ ವೇಳೆಯಿಂದ ತೆಂಗಿನಕಾಯಿಯ ಹರಾಜಿನವರೆಗೆ ವಿಚಾರಿಸುತ್ತಿದ್ದರು. ಸಜ್ಜನರು, ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೂ ಎರಡು ವರ್ಷಗಳ ಕಾಲ ನಾನು ಅವರ ಧರ್ಮಕೇಂದ್ರದಲ್ಲಿ ಅತಿಥಿಯಂತೆಯೇ ಇದ್ದೆ. ಹಾಗೆ ಮಾಡಬಾರದೆಂದು ಅಂದೇ ನಿಶ್ಚಯಿಸಿದ್ದೆ.

ಹೋದ ವಾರ ಹೊಸ ಗುರುಗಳಿಗಾಗಿ ಸೂಚನೆಗಳನ್ನು ಬರೆಯಲು ಕುಳಿತೆ. ಎಂಟು ಪುಟಗಳಾದವು. ಓದಿ ನೋಡಿದರೆ ಯುವಜನರ ಕೂಟ ಹೇಗಿರಬೇಕು, ಗಾನವೃಂದದಲ್ಲಿ ಯಾರನ್ನು ಬದಲಿಸಬಾರದು, ಹಬ್ಬದ ಪ್ರಬೋಧನೆಗೆ ಯಾರನ್ನು ಕರೆಯಬೇಕು ಎಂದೆಲ್ಲ ಬರೆದುಬಿಟ್ಟಿದ್ದೇನೆ. ಒಂದೊಂದಾಗಿ ಹೊಡೆದುಹಾಕುತ್ತಿದ್ದೇನೆ. ಈಗ ಒಂದೂವರೆ ಪುಟ ಉಳಿದಿದೆ: ಬ್ಯಾಂಕಿನ ಖಾತೆಗಳು, ಸ್ಮಶಾನದ ಜಾಗದ ದಾಖಲೆಪತ್ರಗಳು, ಮನೆಬಿಟ್ಟು ಏಳಲಾರದ ಹನ್ನೊಂದು ಮಂದಿ ರೋಗಿಗಳ ವಿಳಾಸ, ಮತ್ತು ಬೋರ್‌ವೆಲ್ ಮೋಟಾರು ನಿಂತರೆ ಯಾರನ್ನು ಕರೆಯಬೇಕೆಂಬುದು.